ಕುಡಿಯುವವನ ಸ್ಥಳವನ್ನು ನೋಡಿ ತೀರ್ಪು ಮಾಡಬಹುದೋ?

ಮದ್ಯಪಾನವು ಕೇಡೆಂಬದನ್ನು ನಾವೆಲ್ಲರೂ ಬಲ್ಲೆವು. ಆದರೆ ಕುಡಿಯುವವರೆಲ್ಲರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತೇವೋ ಎಂಬದನ್ನು ಈ ಸಾರಿ ವಿಚಾರಿಸೋಣ.

ಬಳ್ಳಾರಿ ಪಟ್ಟಣದಲ್ಲಿ ಹಣವುಳ್ಳವನು ಬಾರಿನಲ್ಲಾಗಲಿ ಕ್ಲಬ್ಬಿನಲ್ಲಾಗಲಿ ಕುಳಿತು ಕುಡಿಯುತ್ತಾನೆ. ಅಲ್ಲಿ ಬೆಲೆ ಹೆಚ್ಚು. ಯಾಕಂದರೆ ಮೇಜು, ಮರೆ, ಮರ್ಯಾದೆ ಇವುಗಳಿಗೂ ಅವನು ಹಣ ತೆರುತ್ತಾನೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ದುಡಿಯುವ ಕೂಲಿಯವನಾದರೋ ಚಿಲ್ಲರೆ ಅಂಗಡಿಯಲ್ಲಿ ಅಗ್ಗದ ಪಾಕೀಟನ್ನು ಕೊಳ್ಳುತ್ತಾನೆ. ಅಂಥ ಅಂಗಡಿಯೊಳಗೆ ಕುಳಿತು ಕುಡಿಯುವದಕ್ಕೆ ಸನ್ನದಿನಲ್ಲಿ ಅಪ್ಪಣೆಯಿಲ್ಲ. ಅವನ ಮನೆಯೋ ಒಂದೇ ಕೋಣೆ. ಅದರಲ್ಲಿ ತಾಯಿಯೂ ಮಕ್ಕಳೂ ಇದ್ದಾರೆ. ಆದದರಿಂದ ಕಾಲುವೆಯ ದಂಡೆಯೇ ಅವನಿಗೆ ಸ್ಥಳ. ಕುರುಗೋಡಿನ ಸುತ್ತಣ ಹಳ್ಳಿಗಳಲ್ಲಿ ಯೌವನಸ್ಥನು ಹಿರಿಯರ ಕಣ್ಣಿಗೆ ಅಂಜಿ ಹೊಲದ ಬದುವಿಗೆ ಹೋಗುತ್ತಾನೆ. ಕುಡಿಯುವ ಹೆಂಗಸು ಲೋಕನಿಂದೆಗೆ ಅಂಜಿ ಹಿತ್ತಲ ಬಾಗಿಲನ್ನು ಮುಚ್ಚಿಕೊಳ್ಳುತ್ತಾಳೆ. ಹೀಗೆ ಹಣ, ಮನೆ, ಪ್ರಾಯ, ಸ್ತ್ರೀಪುರುಷಭೇದ ಇವೇ ಸ್ಥಳವನ್ನು ಗೊತ್ತುಮಾಡುತ್ತವೆ. ಇದರಲ್ಲಿ ಅವರವರ ಗುಣದ ಪಾಲು ಸ್ವಲ್ಪವೇ.

ಸ್ಥಳ ಬದಲಾದರೆ ಮನುಷ್ಯನು ಬದಲಾಗುವನೋ? 1948ರೊಳಗೆ ಮದರಾಸು ಪ್ರಾಂತವೆಲ್ಲಾ ಮದ್ಯನಿಷೇಧಕ್ಕೆ ಒಳಪಟ್ಟಿತು. ಆಗ ಬಳ್ಳಾರಿಯೂ ಅದಕ್ಕೆ ಸೇರಿತ್ತು. ಬಹುಕಾಲದ ಮೇಲೆ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹಳ್ಳಿಗಳ ಸಾರಾಯಿ ಅಂಗಡಿಗಳು ಮುಚ್ಚಿದವು. ಆದರೂ ಅನೇಕರು ಬೇರೆ ಮದ್ಯಕ್ಕೂ ಬೇರೆ ಮರೆಗೂ ತಿರುಗಿಕೊಂಡರು.

ನೋಹನು ತನ್ನ ಡೇರೆಯೊಳಗೆ ಕುಡಿದು ಮಾನಗೆಟ್ಟನು. ಬೇಲ್ಶಚ್ಚರನು ಸಾವಿರ ಮಂದಿ ಪ್ರಭುಗಳ ಮುಂದೆ ಕುಡಿದ ರಾತ್ರಿಯೇ ಹತನಾದನು. ಡೇರೆಯ ಮರೆಯು ಒಬ್ಬನನ್ನು ಕಾಯಲಿಲ್ಲ. ಔತಣದ ವೈಭವವು ಇನ್ನೊಬ್ಬನನ್ನು ಕಾಯಲಿಲ್ಲ.

ಬಹಿರಂಗವಾಗಿ ಕುಡಿಯುವವನು ಎಳೆಯರಿಗೆ ಎಡವುವ ಕಲ್ಲಾಗುತ್ತಾನಲ್ಲಾ ಎಂದು ಕೆಲವರು ಹೇಳಾರು. ಅದು ನಿಜವೇ. ಆದರೆ ಮರೆಯಲ್ಲಿ ಕುಡಿಯುವವನ ಹೆಂಡತಿಯ ಕಣ್ಣೀರೂ ಮರೆಯಲ್ಲಿಯೇ ಬೀಳುತ್ತದೆ. ಅದಕ್ಕೆ ಸಾಕ್ಷಿಗಳಿಲ್ಲ, ಸಹಾಯಕರೂ ಇಲ್ಲ.

ಕಾಲುವೆಯ ದಂಡೆಯಲ್ಲಿ ಬಿದ್ದವನನ್ನು ಸಭೆಯ ಮುಂದೆ ನಿಲ್ಲಿಸಿ, ಬಾಗಿಲು ಮುಚ್ಚಿ ಕುಡಿದು ದೊಡ್ಡ ಕಾಣಿಕೆಯನ್ನು ತರುವವನಿಗೆ ಮುಂದಿನ ಆಸನವನ್ನು ಕೊಟ್ಟರೆ, ಕುಡಿತದ ಹೆಸರಿನಲ್ಲಿ ನಾವು ಬಡತನವನ್ನೇ ದಂಡಿಸಿದವರಾಗುವೆವು. ಇಬ್ಬರನ್ನೂ ಒಂದೇ ಪ್ರೀತಿಯಿಂದ, ಒಂದೇ ಬಿಗಿಯಿಂದ ಎಚ್ಚರಿಸುವದು ನಮ್ಮ ಕರ್ತವ್ಯ.

ಇದಲ್ಲದೆ, ಸಹೋದರರೇ, ದಿನದ ದುಡಿಮೆ ತೀರಿದ ಮೇಲೆ ಕೂಲಿಯವನು ಗೆಳೆಯರೊಂದಿಗೆ ಕೂಡ್ರುವದಕ್ಕೆ ನಮ್ಮ ಊರುಗಳಲ್ಲಿ ಬೇರೆ ಸ್ಥಳವುಂಟೋ? ಇಲ್ಲದಿದ್ದರೆ, ಪ್ರಾರ್ಥನಾಮಂದಿರದ ಜಗಲಿಯಲ್ಲಿ ಸಾಯಂಕಾಲ ಒಂದು ದೀಪವನ್ನು ಹಚ್ಚಿಟ್ಟು, ಅವನನ್ನು ಹೆಸರು ಹಿಡಿದು ಕರೆಯೋಣ.