ಸೊನ್ನೆಯ ಅಧಿಕಾರ

ತಡೆಯುವವರಿಲ್ಲದ ಕಡೆಯಲ್ಲಿ ಮನುಷ್ಯನು ತನ್ನನ್ನು ತಾನೇ ತಡೆದುಕೊಳ್ಳಬೇಕೆ ಎಂಬುದು ನೀತಿವಿಚಾರದ ಹಳೆಯ ಪ್ರಶ್ನೆ. ಅರಸನನ್ನೂ ಪಾರುಪತ್ಯಗಾರನನ್ನೂ ಕುರಿತು ಹಿಂದಿನವರು ಕೇಳುತ್ತಿದ್ದ ಈ ಪ್ರಶ್ನೆಯನ್ನು ಈಗ ಕಂಪ್ಯೂಟರಿನ ಮೇಲ್ವಿಚಾರಕನನ್ನು ಕುರಿತೂ ಕೇಳಬೇಕಾಗಿದೆ.

ಅನೇಕರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವ ಪದ್ಧತಿಯು 1960ರ ದಶಕದ ಆರಂಭದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಕೊರ್ಬಾಟೊ ಅವರ ಮುಂದಾಳ್ತನದಲ್ಲಿ ರೂಪುಗೊಂಡಿತು. ಒಬ್ಬರ ಕಡತವು ಮತ್ತೊಬ್ಬರ ಕೈಗೆ ಸಿಕ್ಕದಿರಲೆಂದು ಅಲ್ಲಿ ಒಬ್ಬೊಬ್ಬರಿಗೂ ಗುಪ್ತಪದವು ಏರ್ಪಟ್ಟಿತು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಕ್ರಮವೇ ಇಂದಿನ ಲಿನಕ್ಸ್‌ನಲ್ಲಿಯೂ ನಡೆದು ಬಂದಿದೆ.

ಈ ಕ್ರಮದಲ್ಲಿ ಬಳಕೆದಾರನ ಹೆಸರು ಮನುಷ್ಯರ ಅನುಕೂಲಕ್ಕಾಗಿ ಮಾತ್ರ ಇರುವುದು. ಯಂತ್ರವು ಗುರುತಿಸುವುದು ಅವನ ಸಂಖ್ಯೆಯನ್ನು. ಸಂಖ್ಯೆ ಸೊನ್ನೆಯಾದವನೇ 'ರೂಟ್'. ಇತರರ ಕಡತಗಳಿಗೆ ಹಾಕಿದ ಕಾವಲು ಸಾಮಾನ್ಯವಾಗಿ ಅವನನ್ನು ತಡೆಯದು. ಅವನು 'ಯೂಸರ್‌ಆಡ್' ಎಂದು ಒಂದು ಸಾಲು ಬರೆದರೆ ಹೊಸ ಖಾತೆ ಹುಟ್ಟುತ್ತದೆ. 'ಯೂಸರ್‌ಡೆಲ್' ಎಂದರೆ ಇದ್ದ ಖಾತೆ ಅಳಿಯುತ್ತದೆ. ಆಜ್ಞೆಯಿತ್ತವನು ಸಜ್ಜನನೋ ದುರ್ಜನನೋ ಎಂಬ ವಿಚಾರಣೆ ಯಂತ್ರಕ್ಕಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯ ಭಯವು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇಂಥವನಿಗೂ ನಿಲುಕದಂತೆ ಮಾಡಿದುದು ಒಂದುಂಟು. ಕೊರ್ಬಾಟೊ ಅವರ ವ್ಯವಸ್ಥೆಯಲ್ಲಿ ಒಮ್ಮೆ, ಎರಡು ಕಡತಗಳು ಅದಲುಬದಲಾದುದರಿಂದ, ಎಲ್ಲರ ಗುಪ್ತಪದಗಳೂ ದಿನದ ಪ್ರಕಟಣೆಯ ಸ್ಥಾನದಲ್ಲಿ ಎಲ್ಲರ ಕಣ್ಣಿಗೂ ಬಿದ್ದುವು. ಯೂನಿಕ್ಸ್‌ನಲ್ಲಿಯಾದರೋ ಗುಪ್ತಪದವನ್ನು ಇದ್ದಂತೆ ಇರಿಸದೆ, ಹಿಂದಿರುಗಿಸಲಾಗದಂತೆ ರೂಪಾಂತರಿಸಿ ಇರಿಸುವ ಕ್ರಮ ಬಂದಿತು. ರಾಬರ್ಟ್ ಮಾರಿಸ್ ಮತ್ತು ಥಾಂಪ್ಸನ್ ಅವರು 1979ರ ಲೇಖನದಲ್ಲಿ ಇದನ್ನು ವಿವರಿಸಿದರು. ಆದುದರಿಂದ ಮೇಲ್ವಿಚಾರಕನು ಮರೆತವನಿಗೆ ಹೊಸ ಗುಪ್ತಪದವನ್ನು ಕೊಡಬಲ್ಲನೇ ಹೊರತು ಹಳೆಯದನ್ನು ಓದಿ ಹೇಳಲಾರನು. ಆದರೂ ಕಡತಗಳು ಅವನಿಗೆ ತೆರೆದೇ ಇವೆ. ಯಂತ್ರವು ಕಾಯುವುದು ಅಷ್ಟು. ಉಳಿದುದನ್ನು ಕಾಯಬೇಕಾದುದು ಅವನ ಮನಸ್ಸು.

ಒಬ್ಬನು ಕೆಲಸ ಬಿಟ್ಟು ಹೋದನೆನ್ನೋಣ. ಅವನ ಖಾತೆಯನ್ನು ಒಂದೇ ಸಾಲಿನಲ್ಲಿ ಅಳಿಸಿಬಿಡಬಹುದು. ಆದರೆ ಅಳಿಯುವುದು ದಾಖಲೆ ಮಾತ್ರ. ಬೇರೆ ಆಜ್ಞೆಯಿಲ್ಲದಿದ್ದರೆ ಅವನ ಕಡತಗಳು ಒಡೆಯನ ಹೆಸರಿಲ್ಲದೆ ಬರಿಯ ಸಂಖ್ಯೆಯನ್ನು ಹೊತ್ತು ಉಳಿಯುತ್ತವೆ. ಮುಂದೆ ಬರುವವನಿಗೆ ಅದೇ ಸಂಖ್ಯೆ ದೊರೆತರೆ, ಹಿಂದಿನವನ ಬರಹವೆಲ್ಲವೂ ಅರಿಯದೆಯೇ ಇವನ ಸ್ವತ್ತಾಗುತ್ತದೆ. ಅಧಿಕಾರಿಯ ಆತುರದ ಫಲವನ್ನು ಉಣ್ಣುವವರು ಆ ಹೊತ್ತಿನಲ್ಲಿ ಅಲ್ಲಿ ಇಲ್ಲದವರು. ಆದುದರಿಂದ ವಿವೇಕಿಯಾದವನು ಮೊದಲು ಖಾತೆಯನ್ನು ಅಳಿಸದೆ ಬೀಗ ಹಾಕುತ್ತಾನೆ. ರೂಪಾಂತರಿಸಿದ ಗುಪ್ತಪದದ ಮುಂದೆ ಒಂದು ಉದ್ಗಾರಚಿಹ್ನೆ ಬಿದ್ದರೆ ಆ ಪದದಿಂದ ಪ್ರವೇಶವಿಲ್ಲ; ಬೇರೆ ದಾರಿಗಳಿದ್ದರೆ ಅವನ್ನೂ ಮುಚ್ಚಿ, ಕಡತಗಳು ಯಾರಿಗೆ ಸೇರತಕ್ಕವೆಂದು ವಿಚಾರಿಸಿ, ಅನಂತರವೇ ಮುಂದಿನದು. ತೆಗೆಯಬಹುದಾದ ಬೀಗಕ್ಕೂ ಮರಳಿ ಬಾರದ ನಾಶಕ್ಕೂ ಇರುವ ಅಂತರವನ್ನು ಅರಿಯುವುದೇ ಅಧಿಕಾರದ ಮೊದಲ ಪಾಠ.

ಎರಡನೆಯ ಪಾಠವು 1980ರ ಸುಮಾರಿಗೆ ಬಫಲೊ ನಗರದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಸೂಡು' ಎಂಬ ಆಜ್ಞೆಯಲ್ಲಿದೆ. ಇದರ ಮೂಲಕ ಮೇಲ್ವಿಚಾರಕನು ದಿನವೆಲ್ಲ ರೂಟ್ ಆಗಿರದೆ, ಸಾಮಾನ್ಯ ಬಳಕೆದಾರನಾಗಿದ್ದುಕೊಂಡು, ಬೇಕಾದ ಒಂದು ಕಾರ್ಯಕ್ಕೆ ಮಾತ್ರ ಆ ಅಧಿಕಾರವನ್ನು ಕಡ ತರುತ್ತಾನೆ; ತಂದುದು ಯಾರು, ಏತಕ್ಕೆ ಎಂಬುದು ದಾಖಲೆಯಲ್ಲಿ ಬೀಳುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ತಾನೇ ಹಾಕಿಕೊಂಡ ಕಟ್ಟನ್ನು ತಾನೇ ಬಿಚ್ಚಬಲ್ಲವನಿಗೆ ಅದು ಕಟ್ಟಾಗುವುದು ಹೇಗೆ? ಅಪಾರ ಅಧಿಕಾರವುಳ್ಳವನು ದಾಖಲೆಯನ್ನೂ ಅಳಿಸಬಲ್ಲನಲ್ಲವೆ? ಅಳಿಸಬಲ್ಲನು, ನಿಜ. ಹಾಗೆಂದು ಆ ಅಧಿಕಾರವನ್ನೇ ತೆಗೆದುಹಾಕುವಂತಿಲ್ಲ. ಕೆಟ್ಟುಹೋದುದನ್ನು ಸರಿಪಡಿಸಲು ಯಾರೋ ಒಬ್ಬನಿಗೆ ಅದು ಇರಲೇಬೇಕು. ಆದುದರಿಂದಲೇ ಬಲ್ಲವರು ದಾಖಲೆಯ ಪ್ರತಿಯನ್ನು, ಮತ್ತೊಬ್ಬರ ವಶದಲ್ಲಿರುವ ಬೇರೊಂದು ಯಂತ್ರಕ್ಕೆ ಆಗಿಂದಾಗಲೇ ಕಳುಹಿಸುವಂತೆ ಏರ್ಪಡಿಸುತ್ತಾರೆ. ಇದು ಪರರ ಅವಿಶ್ವಾಸಕ್ಕೆ ತಲೆಬಾಗುವುದಲ್ಲ. ದಣಿದ ಹೊತ್ತಿನಲ್ಲಿಯೂ ಸಿಟ್ಟಿನ ಹೊತ್ತಿನಲ್ಲಿಯೂ ತನ್ನ ಮನಸ್ಸು ಹೇಗಿರುವುದೋ ಎಂದು ಮೊದಲೇ ಎಣಿಸಿ ನಡೆಯುವುದು. ಸಂಯಮವೆಂಬುದು ತನ್ನ ಒಳ್ಳೆಯತನವನ್ನು ನಂಬಿ ಕುಳಿತಿರುವುದರಲ್ಲಿಲ್ಲ. ತನ್ನ ನಡತೆಯ ಲೆಕ್ಕವನ್ನು ತನ್ನ ಕೈಗೆಟುಕದ ಕಡೆಯಲ್ಲಿ, ಕೈ ಶುದ್ಧವಾಗಿರುವಾಗಲೇ, ಒಪ್ಪಿಸುವುದರಲ್ಲಿದೆ.