ಹಣ್ಣು ಕೆಡದಿದ್ದರೆ

ಬೇಸಿಗೆಯಲ್ಲಿ ತೋಟದ ಹಣ್ಣನ್ನು ಊರಿಗೆಲ್ಲ ಹಂಚುವವರನ್ನು ಧಾರಾಳಿಗಳು ಅಂತೀವಿ. ನನ್ನದೊಂದು ತಕರಾರಿದೆ. ನಮ್ಮ ಮಲೆನಾಡಿನ ಹಲಸಿನಹಣ್ಣು ಆರಾಮಾಗಿ 10-15 ಕೆ.ಜಿ. ತೂಗುತ್ತೆ. ಇವತ್ತು ಕೊಯ್ದರೆ ನಾಳೆ ಸಂಜೆಗೆ ಹುಳಿ ವಾಸನೆ. ಐದು ಜನರ ಮನೆ ಎಷ್ಟು ತಿಂದೀತು? ಪಕ್ಕದ ಮನೆಗೆ ಕೊಡಲೇಬೇಕು. ಹಾಗಾದ್ರೆ ಇದು ಔದಾರ್ಯವೋ, ಕೊಳೆತು ಹೋದೀತೆಂಬ ಭಯವೋ?

ಈ ಪ್ರಶ್ನೆ ಹುಟ್ಟಿದ್ದೇ ಊರ ಮನೆಗೆ ದೊಡ್ಡ ಫ್ರಿಜ್ ಬಂದ ಮೇಲೆ. ಈಗ ಏಪ್ರಿಲ್, ಮೇ ಅಂದ್ರೆ ಅಮ್ಮನಿಗೆ ಕ್ಯಾಂಡಿ ಸೀಸನ್. ಕಾಡುಮಾವಿನ ಹಣ್ಣು ಕಿವುಚಿ, ನಾರು ಸೋಸಿ, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಸ್ಟೀಲ್ ಲೋಟಕ್ಕೆ ಹೊಯ್ದು ನಡುವೆ ಚಮಚ ನಿಲ್ಲಿಸೋದು. ಲೋಟ ಪೂರ್ತಿ ತುಂಬಬಾರದು. ನೀರು ಗಡ್ಡೆ ಕಟ್ಟುವಾಗ ಶೇ. 9ರಷ್ಟು ಉಬ್ಬುತ್ತೆ. ಬೆಲ್ಲಕ್ಕೆ ಜಿಪುಣತನ ಮಾಡಿದ್ರೆ ಕ್ಯಾಂಡಿ ಕಲ್ಲು! ಸಿಹಿ ಇದ್ದಷ್ಟೂ ಮೆತ್ತಗೆ.

ಇದೆಲ್ಲ ಚಂದವೇ. ಆದರೆ ಮೈನಸ್ 18 ಡಿಗ್ರಿಯಲ್ಲಿ ಹಲಸಿನ ತೊಳೆಯೂ ತಿಂಗಳುಗಟ್ಟಲೆ ಕೂರುತ್ತೆ. ಪಕ್ಕದ ಮನೆಗೆ ಹೋಗ್ತಿದ್ದ ಬುಟ್ಟಿ ಈಗ ಡಬ್ಬಿಯಾಗಿ ಒಳಗೇ ಉಳಿಯುತ್ತೆ, "ಮಗ ಬೆಂಗಳೂರಿಂದ ಬಂದಾಗ ಬೇಕು" ಅಂತ. ಆ ಮಗ ನಾನೇ. ತಕರಾರು ತೆಗೆಯೋನೂ ನಾನೇ, ತಿನ್ನೋನೂ ನಾನೇ. (ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ, ಸ್ಟೋರೇಜ್ ಹೆಚ್ಚಿದಷ್ಟೂ ಯಾರೂ ಏನನ್ನೂ ಡಿಲೀಟ್ ಮಾಡಲ್ಲ.)

ಆದರೂ ಅಜ್ಜಿಯ ವಿಷಯಕ್ಕೆ ಬಂದರೆ ನನ್ನ ವಾದ ಅರ್ಧಕ್ಕೇ ನಿಲ್ಲುತ್ತೆ. ಕೆಡುತ್ತೆ ಅಂತ ಕೊಡೋರು ತಾವು ತಿಂದು ಉಳಿದದ್ದನ್ನು ಕೊಡ್ತಾರೆ. ಅಜ್ಜಿ ಹಣ್ಣು ಸೀಳಿದ ಕೂಡಲೇ, ನಮಗಿನ್ನೂ ಒಂದು ತೊಳೆ ಸಿಗೋ ಮೊದಲೇ, ದಪ್ಪ ತೊಳೆಗಳನ್ನು ಆರಿಸಿ ಬಾಳೆಲೆಯಲ್ಲಿ ಎತ್ತಿಡುತ್ತಿದ್ದಳು. ನಾವು ಮಕ್ಕಳು ಗೊಣಗುತ್ತಿದ್ವಿ. ಸದ್ಗುಣ ಬರೋದು ಅಭ್ಯಾಸದಿಂದ ಅಂದವನು ಅರಿಸ್ಟಾಟಲ್. ಕೊಳೆಯುವ ಹಣ್ಣು ಅಜ್ಜಿಯ ಕೈಗೆ ಅಭ್ಯಾಸ ಕಲಿಸಿರಬಹುದು. ಆದರೆ ಒಳ್ಳೇ ತೊಳೆ ಆರಿಸು ಅಂತ ಹಣ್ಣು ಹೇಳಿರಲಿಕ್ಕಿಲ್ಲ. ಹಾಗಾದ್ರೆ ಫ್ರಿಜ್ ಇರೋ ಮನೆಯಲ್ಲಿ ಹುಟ್ಟಿದ ನನ್ನ ಮಗಳ ಕೈಗೆ ಈ ಅಭ್ಯಾಸ ಎಲ್ಲಿಂದ ಬರಬೇಕು, ನೀವೇ ಹೇಳಿ.

ಕಳೆದ ಮೇ ತಿಂಗಳ ಗಾಳಿಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. "ಬನ್ರೋ, ಎಲ್ಲ ಕರಗ್ತಿದೆ" ಅಂತ ಅಮ್ಮ ಆಚೀಚೆ ಮನೆ ಮಕ್ಕಳನ್ನೆಲ್ಲ ಕರೆದರು. ಮಗಳೇ ನಿಂತು ಲೋಟ ಹಂಚಿದಳು. ಒಂದನ್ನು ಮಾತ್ರ ಬೆನ್ನ ಹಿಂದೆ ಹಿಡಿದುಕೊಂಡಿದ್ದಳು. ಅದು ತನಗೋ, ಇನ್ನೂ ಬಾರದ ಯಾರಿಗೋ, ನಾನು ಕೇಳಲಿಲ್ಲ.