ಕೌದಿಯ ಕಾಯಕ

ದಾಸೋಹವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಅನ್ನದ ಪಂಕ್ತಿ. ಅರಿವೆಯ ದಾಸೋಹವನ್ನು ನೆನೆಯುವವರು ಕಡಮೆ. ಆದರೆ ದಾಸೋಹತತ್ತ್ವದೊಳಗಿನ ಒಂದು ಸೂಕ್ಷ್ಮವಾದ ಸಂದೇಹವು ಅರಿವೆಯ ವಿಷಯದಲ್ಲಿಯೇ ಹೆಚ್ಚು ಸ್ಪಷ್ಟವಾಗಿ ತಲೆದೋರುತ್ತದೆ. ನಾವು ಉಟ್ಟು ಸವೆಸಿದ್ದನ್ನು, ನಮಗೆ ಬೇಡವಾಗಿ ಮೂಲೆಗೆ ಬಿದ್ದುದನ್ನು ಪರರಿಗೆ ಕೊಟ್ಟರೆ ಅದು ದಾಸೋಹವಾದೀತೇ? ಲಿಂಗಕ್ಕೆ ಅರ್ಪಿತವಾಗಿ ಉಳಿದುದು ಪ್ರಸಾದ. ನಾವು ಭೋಗಿಸಿ ಉಳಿದುದು ಎಂಜಲು. ಎರಡೂ ಶೇಷವೇ ಆದರೂ ಅವುಗಳ ನಡುವೆ ಭೂಮ್ಯಾಕಾಶಗಳ ಅಂತರವಿದೆ. ಮಠಕ್ಕೆ ಬರುವ ಹಳೆಯ ಬಟ್ಟೆಯ ಗಂಟುಗಳನ್ನು ಕಂಡಾಗಲೆಲ್ಲ ಈ ಪ್ರಶ್ನೆ ಏಳುವುದುಂಟು. ಗುಂಡಿ ಕಿತ್ತ ಅಂಗಿ, ಒಗೆಯದ ಧೋತರ, ಹರಿದ ಸೆರಗು! ಇವನ್ನು ಕೊಟ್ಟವರು ತಮ್ಮ ಮನೆಯನ್ನು ಗುಡಿಸಿಕೊಂಡರೇ ಹೊರತು ದಾಸೋಹವನ್ನು ಮಾಡಲಿಲ್ಲ.

ಹಾಗಾದರೆ ಸವೆದ ಬಟ್ಟೆಗೆ ಸದ್ಗತಿಯೇ ಇಲ್ಲವೇ? ಉತ್ತರ ಕರ್ನಾಟಕದ ತಾಯಂದಿರು ಹೊಲಿಯುವ ಕೌದಿ ಇದಕ್ಕೆ ಉತ್ತರವಾಗಿದೆ. ಸುಗ್ಗಿ ತೀರಿ ಬೇಸಗೆಯ ಬಿಡುವು ದೊರೆತಾಗ ಅವರು ಗಂಟನ್ನು ಬಿಚ್ಚುತ್ತಾರೆ. ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ, ಮಕ್ಕಳ ಅಂಗಿಯ ತೋಳು, ದರ್ಜಿಯ ಅಂಗಡಿಯಲ್ಲಿ ಬಿದ್ದಿದ್ದ ಚೂರುಗಳು ಎಲ್ಲವೂ ಅದರಲ್ಲಿರುತ್ತವೆ. ಹಳೆಯ ಸೀರೆಯೊಂದನ್ನು ಅಡಿಯಲ್ಲಿ ಹಾಸಿ, ತೀರ ಜೀರ್ಣವಾದವುಗಳನ್ನು ನಡುವೆ ಪದರಪದರವಾಗಿ ಹರವಿ, ಬಣ್ಣ ಉಳಿದವುಗಳನ್ನು ಚೌಕವಾಗಿ, ಮುಕ್ಕೋನವಾಗಿ ಕತ್ತರಿಸಿ ಮೇಲೆ ಹೊಂದಿಸಿ, ದಪ್ಪ ದಾರದಿಂದ ಅಂಚಿನಿಂದ ನಡುವಿನವರೆಗೆ ಹೊಲಿಯುತ್ತ ಬರುತ್ತಾರೆ. ಯಲ್ಲಾಪುರ ಹಳಿಯಾಳಗಳ ಸೀಮೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಬಗೆಯದು. ಅವರು ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಕೆಗಳನ್ನಿಟ್ಟಲ್ಲದೆ ಕೆಲಸ ಮುಗಿಯಿತೆನ್ನುವುದಿಲ್ಲ.

ಒಂದು ಲೆಕ್ಕವನ್ನು ನೋಡಿರಿ. 6 ಅಡಿ ಉದ್ದ, 4 ಅಡಿ ಅಗಲದ ಕೌದಿಯಲ್ಲಿ ಅರ್ಧ ಅಂಗುಲಕ್ಕೊಂದು ಸಾಲು, ಸಾಲಿನಲ್ಲಿ ಅರ್ಧ ಅಂಗುಲಕ್ಕೊಂದು ಹೊಲಿಗೆ ಎಂದಿಟ್ಟುಕೊಂಡರೆ 96 ಸಾಲುಗಳು, ಸಾಲಿಗೆ 144 ಹೊಲಿಗೆಗಳು, ಒಟ್ಟು 13,824. ಅಷ್ಟು ಸಲ ಸೂಜಿ ಕೆಳಗಿಳಿದು ಮೇಲೆದ್ದಿದೆ. ಪ್ರತಿಯೊಂದು ಸಲವೂ ಅದು ಎಲ್ಲ ಪದರಗಳನ್ನೂ ದಾಟಿರಬೇಕು. ಮೇಲಿನ ಚೂರನ್ನಷ್ಟೇ ಹಿಡಿದ ಹೊಲಿಗೆ ನೋಟಕ್ಕೆ ಸರಿಯಾಗಿ ಕಂಡರೂ ಮೂರನೆಯ ಒಗೆತಕ್ಕೆ ಬಿಟ್ಟುಹೋಗುತ್ತದೆ. ಅಂತರಂಗ ಬಹಿರಂಗಗಳು ಒಂದಾಗಬೇಕೆಂದು ನಾವು ಪೀಠದ ಮೇಲೆ ಕುಳಿತು ಎಷ್ಟೋ ಹೊತ್ತು ಹೇಳುತ್ತೇವೆ. ಕೌದಿ ಹೊಲಿಯುವ ತಾಯಿಗೆ ಅದು ಬೆರಳಿನ ತುದಿಯಲ್ಲಿಯೇ ತಿಳಿದಿದೆ.

ಸವೆದ ಬಟ್ಟೆಯನ್ನು ದಾಸೋಹಕ್ಕೆ ಯೋಗ್ಯವಾಗಿಸುವುದು ಈ ಕಾಯಕವೇ. ಕೊಡಲ್ಪಡುವುದು ಬಟ್ಟೆಯಲ್ಲ, ಬಟ್ಟೆಯ ಮೇಲೆ ಸಂದ ದುಡಿಮೆ. 12ನೆಯ ಶತಮಾನದಲ್ಲಿ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ತಾವೆಲ್ಲರೂ ಬಲ್ಲಿರಿ. ನೆಲಕ್ಕೆ ಉದುರಿದ ಅಕ್ಕಿ ಅದು. ಗುಡಿಸಿ ಎಸೆದರೆ ಕೇಳುವವರಿರಲಿಲ್ಲ. ಬೆನ್ನು ಬಾಗಿಸಿ ಒಂದೊಂದಾಗಿ ಆಯ್ದುದರಿಂದ ಅದು ಜಂಗಮರ ಪಂಕ್ತಿಗೆ ಬಡಿಸಬಲ್ಲ ಪದಾರ್ಥವಾಯಿತು. ಆದರೆ ಈ ಚರಿತ್ರೆಯ ತಿರುಳಿರುವುದು ಆಯ್ದುದರಲ್ಲಿ ಮಾತ್ರವಲ್ಲ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಿರುಗಿಸಿದರು. ಮಿಕ್ಕುದನ್ನು ಆಯುವ ಕಾಯಕದೊಳಗೂ ಆಸೆ ನುಸುಳಬಲ್ಲದೆಂಬುದನ್ನು ಆ ತಾಯಿ ಅರಿತಿದ್ದರು.

ಈ ಮಾತು ಇಂದಿಗೂ ಬೇಕಾಗಿದೆ. ಈಗ ಪೇಟೆಯಲ್ಲಿ ಕೌದಿಗೆ ಬೆಲೆ ಬಂದಿದೆ. ಜೀವನಕ್ಕಾಗಿ ಹೊಲಿದು ಮಾರುವುದನ್ನು ಆಕ್ಷೇಪಿಸುವಂತಿಲ್ಲ. ಸೂಜಿಕಾಯಕದ ರಾಮಿತಂದೆಗಳೂ ಸೂಜಿಯನ್ನೇ ನಂಬಿ ಬಾಳಿದ ಶರಣರು. ಆದರೆ ಚಿತ್ತಾರ ಹೊಂದಲಿಲ್ಲವೆಂದು ಅಂಗಡಿಯಿಂದ ಹೊಸ ಅರಿವೆಯನ್ನು ತರಿಸಿ, ಅದನ್ನು ಚೂರುಚೂರಾಗಿ ಕತ್ತರಿಸಿ ಕೌದಿ ಮಾಡುವವರನ್ನು ಏನೆನ್ನಬೇಕು? ಕ್ರೋಶಾ ಕಡ್ಡಿಯಿಂದ ಉಣ್ಣೆಯ ಚೌಕಗಳನ್ನು ಹೆಣೆದು ಹೊದಿಕೆ ಮಾಡುವವರಲ್ಲಿಯೂ ಇದುಂಟು. ಮಿಕ್ಕ ದಾರವನ್ನು ತೀರಿಸಲೆಂದು ತೊಡಗಿ, ಹೊಂದುವ ಬಣ್ಣಕ್ಕಾಗಿ ಹತ್ತು ಉಂಡೆಗಳನ್ನು ಕೊಂಡು, ಕಡೆಗೆ ಮೊದಲಿಗಿಂತ ಹೆಚ್ಚು ದಾರವನ್ನು ಮಿಗಿಸುತ್ತಾರೆ! ಇದ್ದ ಬಣ್ಣಗಳಲ್ಲಿಯೇ ಚೆಲುವನ್ನು ಕಾಣುವುದು ಕಷ್ಟ, ನಿಜ. ಹಸುರಿನ ಪಕ್ಕದಲ್ಲಿ ಯಾವುದನ್ನಿಡಲೆಂದು ಅರ್ಧ ದಿನ ಯೋಚಿಸಬೇಕಾಗಬಹುದು. ಆ ಯೋಚನೆಯೂ ಕಾಯಕದ ಭಾಗವೇ.

ಚೂರುಗಳೆಲ್ಲ ಕೌದಿಯಲ್ಲಿ ಸಮವೆಂದು ಕೆಲವರು ಸುಲಭವಾಗಿ ಹೇಳಿಬಿಡುವರು. ಹೊಲಿಯುವವರು ಹಾಗೆ ಹೇಳಲಾರರು. ಗಟ್ಟಿಯಾದ ಚೂರಿಗೆ ಹೊಲಿಗೆ ದೂರದೂರವಿದ್ದರೂ ನಡೆದೀತು; ಸವೆದ ಚೂರಿಗೆ ಒತ್ತೊತ್ತಾಗಿ ಹಾಕಬೇಕು, ಇಲ್ಲವೆ ಮೇಲೊಂದು ತೇಪೆಯನ್ನು ಕೊಡಬೇಕು. ಸಮಾಜವನ್ನು ಕೂಡಿಸುತ್ತೇವೆಂದು ಹೊರಟವರು ದುರ್ಬಲರಾದವರ ಕಡೆಗೆ ಎಷ್ಟು ಹೊಲಿಗೆಗಳನ್ನು ಹೆಚ್ಚಾಗಿ ಹಾಕಿದ್ದೇವೆಂದು ಎಣಿಸಿಕೊಳ್ಳಬೇಕು.

ಕೊಟ್ಟ ಮೇಲಿನ ಮಾತೊಂದಿದೆ. ಮುದನೂರಿನ ಜೇಡರ ದಾಸಿಮಯ್ಯನವರು ಬಹುಕಾಲ ದುಡಿದು ನೆಯ್ದ ವಸ್ತ್ರವನ್ನು ದಾರಿಯಲ್ಲಿ ಬೇಡಿದ ವೃದ್ಧ ಜಂಗಮನಿಗೆ ಕೊಟ್ಟರೆಂದೂ, ಆತನು ಅವರ ಕಣ್ಣೆದುರಿಗೇ ಅದನ್ನು ಹರಿದು ಚೂರುಗಳನ್ನು ಮೈಗೂ ಕೋಲಿಗೂ ಸುತ್ತಿಕೊಂಡನೆಂದೂ, ದಾಸಿಮಯ್ಯನವರು ಎಳ್ಳಷ್ಟೂ ನೊಂದುಕೊಳ್ಳಲಿಲ್ಲವೆಂದೂ ಕಥೆ ಹೇಳುತ್ತದೆ. ನಾವು ಕೊಟ್ಟ ಕೌದಿಯ ಮೇಲೆ ಹುಡುಗನೊಬ್ಬ ಸಾರು ಚೆಲ್ಲಿದರೆ ನಮ್ಮ ಮುಖ ಹೇಗಾದೀತು?

ಮಠದ ಪ್ರಸಾದನಿಲಯದ ಮಕ್ಕಳಿಗೆ ಮಳೆಗಾಲದೊಳಗೆ ಹೊದಿಕೆಗಳು ಬೇಕಾಗಿವೆ. ತಾಯಂದಿರು ಗಂಟನ್ನು ಹಾಗೆಯೇ ಕಳುಹಿಸದೆ, ನಾಲ್ಕಾರು ಮನೆಯವರು ಕೂಡಿ ಹೊಲಿದು ಕೊಡಬೇಕೆಂದು ಕೋರುತ್ತೇವೆ. ದರ್ಜಿಯ ಅಂಗಡಿಯ ಹೊಸ ಚೂರುಗಳಿದ್ದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಿ. ಇಲ್ಲವಾದರೆ ಅವು ಆಮೇಲೆ ಕುಗ್ಗಿ ನೆರೆಯ ಹಳೆಯ ಬಟ್ಟೆಯನ್ನು ಎಳೆಯುತ್ತವೆ, ಬಣ್ಣವನ್ನೂ ಬಿಡುತ್ತವೆ. ಸಣ್ಣ ಮಕ್ಕಳೇ ಹೆಚ್ಚಾಗಿರುವುದರಿಂದ 5 ಅಡಿ ಉದ್ದವಿದ್ದರೆ ಸಾಕು.